ಅಕ್ಕನ ಪಿಸ್ತೂಲಿನ ಹಿಡಿಗೆ ಚುಕ್ಕಿ ಇಟ್ಟದ್ದು

ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದರೆ ಚರ್ಮದಂಥ ಸಣ್ಣ ಸುಕ್ಕು, ಸಣ್ಣ ಗುಳಿ ಬೆರಳಿಗೆ ಸಿಗುತ್ತದೆ. ಅದು ಚರ್ಮವಲ್ಲ, ಪ್ಲಾಸ್ಟಿಕ್. ಯಾವ ದನದ ಮೈಮೇಲೂ ಇಲ್ಲದ ಚರ್ಮವೊಂದನ್ನು ಉಕ್ಕಿನ ಅಚ್ಚಿನಲ್ಲಿ ಕೊರೆಸಿ, ಅದರೊಳಕ್ಕೆ ಕರಗಿದ ಪ್ಲಾಸ್ಟಿಕ್ ನುಗ್ಗಿಸಿ, ಕೊಂಡವರು ಪರವಾಗಿಲ್ಲ, ಚೆನ್ನಾಗಿದೆ ಎನ್ನುವಂತೆ ಮಾಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಮನೆಯಿಂದ ಕೆಲಸದ ಜಾಗಕ್ಕೆ ನಾಲ್ಕು ಮೈಲಿ. ದೇವಸ್ಥಾನದಲ್ಲಿ ಯಾರಾದರೂ ಅಂಕಲ್ ಏನು ಕೆಲಸ ಎಂದು ಕೇಳಿದರೆ ಕಾರ್ ಡಿಸೈನ್ ಎಂದು ಹೇಳಿ ಪ್ರಸಾದದ ಸಾಲಿನಲ್ಲಿ ಮುಂದೆ ಹೋಗುತ್ತೇನೆ. ಪ್ಲಾಸ್ಟಿಕ್ಕಿಗೆ ಸುಕ್ಕು ಬರಿಸುತ್ತೇನೆ ಎಂದರೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಇಂಥ ಕೆಲಸ ಮಾಡಿದವನ ತಲೆ ಒಂದೇ ಕಡೆಗೆ ವಾಲುತ್ತದೆ. ಯಾರ ಕೈಯಿಂದ ಏನು ಜಾರಿ ಬಿದ್ದರೂ ನಾನು ಮೊದಲು ಬಿದ್ದ ವಸ್ತುವನ್ನು ಎತ್ತಿ ಅದರ ಮೈ ಸವರಿ ನೋಡುತ್ತೇನೆ. ಬೀಳಿಸಿದವರ ಮುಖ ನೋಡುವುದು ಆಮೇಲೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸಾರಿನ ಪಾತ್ರೆ ಕಾಲ ಮೇಲೆ ಬೀಳಿಸಿಕೊಂಡಾಗ, ಈ ಹಿಡಿ ಎಷ್ಟು ನುಣುಪಾಗಿದೆ ನೋಡು ಎಂದು ನಾನು ಹೇಳಿದೆನಂತೆ. ಆ ಮಾತನ್ನು ಅವಳು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಅವಳು ಧಾರವಾಡದವಳು, ನಾನು ಮೈಸೂರಿನವನು. ಬೈಯುವುದಕ್ಕೆ ಅವಳ ಕನ್ನಡವೇ ಮೇಲು ಎಂದು ನಾನು ಎಂದೋ ಒಪ್ಪಿಕೊಂಡಾಗಿದೆ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ಹಲ್ಲಿನ ಡಾಕ್ಟರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೇಳಿದ ಒಬ್ಬ ಆಂಟಿಗೆ ಆಮೇಲೆ ಆರು ತಿಂಗಳು ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಎಂದು ಸುದ್ದಿ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದವಳು. ಐವತ್ತು ದಾಟಿದ ಮೇಲೆ, ಭಾನುವಾರ ಬೆಳಿಗ್ಗೆ ಗುರಿ ಹೊಡೆಯುವ ಹೆಂಗಸರ ಗುಂಪೊಂದನ್ನು ಸೇರಿಕೊಂಡಳು. ಕಳ್ಳರ ಭಯಕ್ಕೆ ಕೊಂಡ ಪಿಸ್ತೂಲಲ್ಲ ಅದು. ಬೇರೆ ಡಾಕ್ಟರುಗಳು ಗಾಲ್ಫ್ ಆಡುವ ಹಾಗೆ ಇವಳು ಕಾಗದದ ಮೇಲಿನ ವೃತ್ತಕ್ಕೆ ಹೊಡೆಯುತ್ತಾಳೆ, ಅಷ್ಟೆ. ನನಗೆ ಬಂದೂಕು ಎಂದರೆ ಮೊದಲಿನಿಂದಲೂ ಆಗದು. ಆದರೆ ಅಕ್ಕನ ವಿಷಯದಲ್ಲಿ ನನಗೆ ಆಗುವುದು ಆಗದಿರುವುದು ಯಾವ ಕಾಲಕ್ಕೂ ಲೆಕ್ಕಕ್ಕೆ ಬಂದಿಲ್ಲ.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಅವಳ ಫೋನು ಬಂತು. ನಾನು ಡ್ರೈವ್‌ವೇ ಮೇಲಿನ ಹಿಮ ತಳ್ಳಿ ಆಗಷ್ಟೇ ಒಳಗೆ ಬಂದಿದ್ದೆ.

"ನಿನ್ನ ಪ್ಲಾಸ್ಟಿಕ್ ವಿದ್ಯೆ ಸ್ವಲ್ಪ ಬೇಕಾಗಿದೆ ಕಣೋ. ನನ್ನ ಪಿಸ್ತೂಲು ಕೈಯಲ್ಲಿ ನಿಲ್ತಿಲ್ಲ. ಒಂದೊಂದು ಸಲ ಹೊಡೆದಾಗ್ಲೂ ಕೆಳಗಡೆ ಜಾರತ್ತೆ. ಹಿಡಿ ತುಂಬಾ ನುಣ್ಣಗಾಗಿದೆ."

"ಹೊಸದು ತಗೊಂಡ್ಯಾ?"

"ಇಲ್ಲ, ಅದೇ ಹಳೇದು. ಸವೆದಿರ್ಬೇಕು."

"ಸವೆಯೋ ಪ್ಲಾಸ್ಟಿಕ್ ಅಲ್ಲ ಅಕ್ಕ ಅದು."

"ಹಾಗಾದ್ರೆ ಯಾಕೆ ಜಾರತ್ತೆ, ನೀನೇ ಹೇಳು. ಕ್ಲಿನಿಕ್‌ನಲ್ಲೂ ಇದೇ ಗೋಳು. ಹೋದ ವಾರ ಬಾಯಿಗೆ ಹಿಡಿಯೋ ಕನ್ನಡಿ ಕೈಯಿಂದ ಬಿದ್ದೋಯ್ತು. ಹೊಸಾ ಗ್ಲವ್ಸ್ ತರಿಸಿದಾರೆ, ಅದು ಸರಿಯಿಲ್ಲ."

ಗಾಜಿನ ಎಳೆ ಬೆರೆಸಿದ ನೈಲಾನ್, ವಾರಕ್ಕೆ ಒಂದು ಗಂಟೆ ಹಿಡಿದರೆ ಐದಾರು ವರ್ಷದಲ್ಲಿ ನುಣುಪಾಗುವುದಿಲ್ಲ. ಅದು ನನಗೆ ಗೊತ್ತಿತ್ತು. ಹಲ್ಲಿನ ಡಾಕ್ಟರಿಗೆ ಕೈಯೇ ಅನ್ನ ಎಂಬುದೂ ಗೊತ್ತಿತ್ತು. ಒಮ್ಮೆ ಊಟದ ಟೇಬಲ್ಲಿನ ಮೇಲೆ ಚಮಚ ಹಿಡಿದು ಅಕ್ಕನೇ ತೋರಿಸಿದ್ದಳು: ಡ್ರಿಲ್ ಹಿಡಿಯುವುದು ಮೂರು ಬೆರಳು, ಉಂಗುರದ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿಕೊಂಡು ಕೈ ಅಲುಗದಂತೆ ಕಾಯುತ್ತದೆ. ಆ ಬೆರಳು ತಪ್ಪಿದರೆ ಡ್ರಿಲ್ ನಾಲಿಗೆಗೋ ಕೆನ್ನೆಗೋ ಹೋಗುತ್ತದೆ. ಇಷ್ಟೆಲ್ಲ ತಿಳಿದವನು ಅವತ್ತು ಅವಳ ಕೈಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಈಗ ಬರೆಯಲು ಕೂತಾಗ ಎಲ್ಲ ಸ್ಪಷ್ಟವಾಗಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, ತಪ್ಪು ಪ್ಲಾಸ್ಟಿಕ್ಕಿನದೋ ನನ್ನ ಕೈಯದೋ ಎಂದು. ನಾನು ಅದರಲ್ಲಿ ಪ್ಲಾಸ್ಟಿಕ್ ಎಂಬುದನ್ನು ಮಾತ್ರ ಕೇಳಿಸಿಕೊಂಡು ಉಬ್ಬಿಹೋದೆ.

ಉಬ್ಬುವುದಕ್ಕೆ ಕಾರಣವೂ ಇತ್ತು. ಅಕ್ಕ ನನ್ನಿಂದ ಏನನ್ನೂ ಕೇಳಿದವಳಲ್ಲ. ಚಿಕ್ಕಂದಿನಲ್ಲಿ ನನ್ನ ಅಲುಗಾಡುವ ಹಲ್ಲಿಗೆ ದಾರ ಕಟ್ಟಿ ಕಿತ್ತವಳು, ನನ್ನ ಲೆಕ್ಕ ತಿದ್ದಿದವಳು, ನನ್ನ ವೀಸಾ ಅರ್ಜಿಯ ಇಂಗ್ಲಿಷ್ ಸರಿಮಾಡಿದವಳು. ನಮ್ಮಿಬ್ಬರ ನಡುವೆ ಎಲ್ಲವೂ ಮೇಲಿನಿಂದ ಕೆಳಕ್ಕೇ ಹರಿದಿತ್ತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಅವಳಿಗೆ ನನ್ನ ಕಸುಬು ಬೇಕಾಗಿತ್ತು.

ಅವಳ ಪಿಸ್ತೂಲಿನಲ್ಲಿ ಒಂದು ಅನುಕೂಲವಿತ್ತು. ನಂಬರು ಕೆತ್ತಿದ, ಕಾನೂನು ಬಂದೂಕು ಎಂದು ಲೆಕ್ಕ ಹಾಕುವ ಭಾಗವೆಲ್ಲ ಒಳಗಿನ ಲೋಹದ ಚೌಕಟ್ಟಿನಲ್ಲಿ. ಹೊರಗಿನ ಪ್ಲಾಸ್ಟಿಕ್ ಹಿಡಿಯನ್ನು ಕಳಚಿದರೆ ಅದು ಬರೀ ಪ್ಲಾಸ್ಟಿಕ್. ಟಾರ್ಚಿನ ಕವಚದ ಹಾಗೆ ಅಂಚೆಯಲ್ಲಿ ಕಳಿಸಬಹುದು. ಕಳಿಸು ಎಂದೆ. ಜೊತೆಗೆ ಅವಳ ಕೈಯ ಅಚ್ಚು ಬೇಕು ಎಂದೂ ಹೇಳಿದೆ. ಬೆರಳು ಎಲ್ಲೆಲ್ಲಿ ಕೂರುತ್ತದೆ, ಎಲ್ಲಿ ಎಷ್ಟು ಒತ್ತುತ್ತದೆ ಎಂದು ತಿಳಿಯದೆ ಹಿಡಿಗೆ ಒರಟು ಬರಿಸುವುದು, ಕಾಲು ನೋಡದೆ ಚಪ್ಪಲಿ ಹೊಲಿದ ಹಾಗೆ. ಮಕ್ಕಳು ಆಡುವ ಜೇಡಿ ತಂದು, ಹಿಡಿಯ ಸುತ್ತ ಮೆತ್ತಿ, ಗುರಿಗೆ ನಿಂತ ಹಾಗೆ ಒಮ್ಮೆ ಗಟ್ಟಿಯಾಗಿ ಹಿಡಿ, ಒಣಗಿದ ಮೇಲೆ ಕಳಿಸು ಎಂದು ವಿವರವಾಗಿ ಹೇಳಿದೆ.

ಹತ್ತು ದಿನದ ಮೇಲೆ ಡಬ್ಬ ಬಂತು. ಬಿಚ್ಚಿದರೆ ಜೇಡಿಯಲ್ಲ, ಚಪಾತಿ ಹಿಟ್ಟು. ಹಿಡಿಯ ಸುತ್ತ ಮೆತ್ತಿ, ಒತ್ತಿ, ಓವನ್‌ನಲ್ಲಿ ಒಣಗಿಸಿ ಕಳಿಸಿದ್ದಳು. ತಿಳಿಗಂದು ಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು. ಮೂಸಿದೆ, ಎಣ್ಣೆ ಹಾಕಿ ಕಲಸಿದ್ದಳು.

"ಅದಕ್ಕೆ ಅಂತ ಅಂಗಡಿಗೆ ಯಾರು ಹೋಗ್ತಾರೆ," ಎಂದಳು ಫೋನಿನಲ್ಲಿ. "ಅವತ್ತು ಚಪಾತಿಗೆ ಕಲಸಿದ್ದೆ, ಒಂದು ಉಂಡೆ ಜಾಸ್ತಿ ಇತ್ತು. ಇನ್ನೂರು ಡಿಗ್ರಿಲಿ ಎರಡು ಗಂಟೆ ಇಟ್ಟೆ. ಹಲ್ಲಿನ ಅಚ್ಚು ತೆಗೆದು ತೆಗೆದು ಜೀವನ ಸವೆಸಿದೀನಿ, ನನಗೆ ಹೇಳ್ಕೊಡ್ತೀಯಾ?"

ಇನ್ನೂರು ಫ್ಯಾರನ್‌ಹೀಟ್‌ಗೆ ನೈಲಾನ್ ಮಿಸುಕುವುದಿಲ್ಲ, ಅದಕ್ಕೇನೂ ಆಗಿರಲಿಲ್ಲ. ಸಣ್ಣ ಗರಗಸದಿಂದ ಹಿಟ್ಟನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ ಅಡುಗೆಮನೆಯ ಟೇಬಲ್ಲಿನ ಮೇಲೆ ಇಟ್ಟುಕೊಂಡೆ. ಹೆಬ್ಬೆರಳಿನ ಗುರುತು ಆಳವಾಗಿತ್ತು. ತೋರುಬೆರಳು, ನಡುಬೆರಳು ಕೂಡ ಉಗುರು ಕಾಣುವಷ್ಟು ಚೆನ್ನಾಗಿ ಒತ್ತಿದ್ದವು. ಉಂಗುರದ ಬೆರಳಿನ ಜಾಗದಲ್ಲಿ ಒಂದು ತೆಳು ಹಳ್ಳ. ಕಿರುಬೆರಳಿನ ಜಾಗದಲ್ಲಿ ಏನೂ ಇರಲಿಲ್ಲ, ಹಿಟ್ಟು ಹಾಗೇ ದುಂಡಗಿತ್ತು.

ಒಣಗುವಾಗ ಕೆಳಗಡೆ ಉಬ್ಬಿ ಗುರುತು ಮುಚ್ಚಿಹೋಗಿದೆ ಎಂದುಕೊಂಡೆ. ಅಚ್ಚಿನ ಕೆಲಸದಲ್ಲಿ ಇದು ದಿನಾ ನೋಡುವ ಸಂಗತಿ. ದಪ್ಪ ಇದ್ದ ಕಡೆ ಒಂದು ಥರ, ತೆಳು ಇದ್ದ ಕಡೆ ಇನ್ನೊಂದು ಥರ ಕುಗ್ಗುತ್ತದೆ, ಹಿಗ್ಗುತ್ತದೆ. ಹೆಂಡತಿ ಕಾಫಿ ಲೋಟ ಹಿಡಿದು ಬಂದು ನೋಡಿದಳು. ನಾನು ಅವಳಿಗೆ ಹಿಗ್ಗುವ ಕುಗ್ಗುವ ಪಾಠ ಮಾಡಿದೆ. ಅವಳು ಲೋಟ ಕೆಳಗಿಟ್ಟು, ಕಿರುಬೆರಳಿನ ಕಡೆಯ ತುದಿಯನ್ನು ಲಟಕ್ಕನೆ ಮುರಿದು ನನ್ನ ಮುಂದೆ ಹಿಡಿದಳು.

"ಹಿಟ್ಟು ಉಬ್ಬಿದ್ರ ಒಳಗ ಪೊಳ್ಳ ಇರ್ತದರೀ. ಪೂರಿ ನೋಡಿಲ್ಲೇನು? ಇದು ಗಟ್ಟಿ ಅದ. ಇಲ್ಲೆ ಅವರು ಒತ್ತೇ ಇಲ್ಲ."

"ಓವನ್‌ನಲ್ಲಿ ಇಟ್ಟಿದ್ದು ಕಣೆ. ಎಲ್ಲಾ ಕಡೆ ಒಂದೇ ಥರ ಒಣಗಲ್ಲ."

"ಪ್ಲಾಸ್ಟಿಕ್ ನಿಮಗ ಗೊತ್ತು, ಹಿಟ್ಟು ನನಗ ಗೊತ್ತು," ಎಂದು ಕಾಫಿ ಎತ್ತಿಕೊಂಡು ಹೋದಳು.

ಮೂವತ್ತು ವರ್ಷ ದಿನಾ ಹಿಟ್ಟು ನಾದಿದ ಕೈ ಹೇಳಿದ ಮಾತು ಅದು. ಒಬ್ಬ ಸಪ್ಲೈಯರ್ ಬಂದು ತನ್ನ ವಸ್ತುವಿನ ಬಗ್ಗೆ ಹಾಗೆ ಮುರಿದು ತೋರಿಸಿ ಹೇಳಿದ್ದರೆ ನಾನು ಬರೆದುಕೊಳ್ಳುತ್ತಿದ್ದೆ. ಹೇಳಿದ್ದು ಹೆಂಡತಿ, ಅದೂ ಅಡುಗೆಮನೆಯಲ್ಲಿ, ಅದೂ ಚಪಾತಿ ಹಿಟ್ಟಿನ ಬಗ್ಗೆ. ನಾನು ಪೆನ್ಸಿಲ್ ತೆಗೆದುಕೊಂಡು, ಸರಿಯಾಗಿ ಮೂಡದ ಎರಡು ಬೆರಳಿನ ಗುರುತನ್ನು ನನ್ನ ಕೈಯ ಅಂದಾಜಿನಲ್ಲಿ ಬರೆದುಕೊಂಡೆ. ಜಾರುತ್ತಿರುವುದು ಕೆಳಗಡೆ ಎಂದು ಅವಳೇ ಹೇಳಿದ್ದಾಳಲ್ಲ, ಆದ್ದರಿಂದ ಮೇಲಿನ ಭಾಗಕ್ಕೆ ಸಣ್ಣ ರವೆಯಷ್ಟು ತರಿ, ಕೆಳಗೆ ಇಡ್ಲಿ ರವೆಯಷ್ಟು ತರಿ ಎಂದು ತೀರ್ಮಾನಿಸಿದೆ.

ಕೆಲಸ ನಡೆದದ್ದು ಗರಾಜಿನಲ್ಲಿ. ವಿಧಾನ ಏನೂ ದೊಡ್ಡದಲ್ಲ. ಬೆಸುಗೆ ಹಾಕುವ ಪೆನ್ನಿನಂಥ ಸಲಾಕೆಗೆ ಸಣ್ಣ ಹಿತ್ತಾಳೆ ಮೊನೆ ಸಿಕ್ಕಿಸಿ, ಬಿಸಿ ಮಾಡಿ, ಪ್ಲಾಸ್ಟಿಕ್ಕಿನ ಮೇಲೆ ಒಂದೊಂದೇ ಚುಕ್ಕಿ ಒತ್ತುತ್ತಾ ಹೋಗುವುದು. ಒತ್ತಿದ ಕಡೆ ಗುಳಿ ಬೀಳುತ್ತದೆ, ಗುಳಿಯ ಅಂಚಿನಲ್ಲಿ ಒಂದು ಪುಟ್ಟ ಏರಿ ಏಳುತ್ತದೆ. ಆ ಏರಿಯೇ ಕೈಯನ್ನು ಹಿಡಿಯುವುದು. ಬಿಸಿ ಜಾಸ್ತಿಯಾದರೆ ಪ್ಲಾಸ್ಟಿಕ್ ಎಳೆ ಎಳೆಯಾಗಿ ಅಂಟಿಕೊಂಡು ಬರುತ್ತದೆ, ಹೊಳಪು ಬರುತ್ತದೆ. ಕಡಿಮೆಯಾದರೆ ಮೊನೆ ಗೀರುತ್ತದೆ. ಕಸದ ಡಬ್ಬಿಗೆ ಹೋಗಬೇಕಾಗಿದ್ದ ನೈಲಾನ್ ತುಂಡುಗಳ ಮೇಲೆ ಒಂದು ವಾರ ಕೈ ಕೂರಿಸಿಕೊಂಡೆ. ಆಮೇಲೆ ಹಿಡಿಗೆ ಟೇಪ್ ಹಚ್ಚಿ, ಅಂಚಿಗೆ ಗೆರೆ ಕೊರೆದು, ಒಳಗೆ ಚುಕ್ಕಿ ಇಡಲು ಶುರುಮಾಡಿದೆ.

ಹೊಗೆ ಕುಡಿಯಬಾರದು ಎಂದು ಗರಾಜಿನ ಬಾಗಿಲು ತೆರೆದು, ಬೆನ್ನ ಹಿಂದೆ ಫ್ಯಾನ್ ಹಾಕಿಕೊಂಡು, ಹೊರಗೆ ಮೂವತ್ತೈದು ಡಿಗ್ರಿ ಫ್ಯಾರನ್‌ಹೀಟಿನ ಚಳಿ ಇದ್ದ ಸಂಜೆಗಳಲ್ಲಿ ಜಾಕೆಟ್ ತೊಟ್ಟು ಕೂರುತ್ತಿದ್ದೆ. ನಾಯಿ ಹಿಡಿದು ಹೋಗುವ ನಮ್ಮ ಬಡಾವಣೆಯ ಜನ ಮಾಸ್ಕು ಹಾಕಿದ ನನ್ನನ್ನು ನೋಡಿ ಕೈಬೀಸಿ ಮುಂದೆ ಹೋಗುತ್ತಿದ್ದರು. ಎಷ್ಟು ಎಚ್ಚರಿಕೆ ವಹಿಸಿದರೂ ವಾಸನೆ ಒಳಗೆ ಹೋಗುತ್ತಿತ್ತು.

"ಮನಿ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನಿ ಬರ್ಲಿಕ್ಕತ್ತದ," ಎಂದು ಹೆಂಡತಿ ಒಳಬಾಗಿಲಿನಿಂದ ಕೂಗುತ್ತಿದ್ದಳು. "ಒಗ್ಗರಣಿ ಹಾಕಿದ್ದು ನನಗೇ ಗೊತ್ತಾಗವಲ್ದು."

ಆದರೂ ಆ ಸಂಜೆಗಳು ನನಗೆ ಹಿತವಾಗಿದ್ದವು ಎಂದು ಒಪ್ಪಿಕೊಳ್ಳಬೇಕು. ಆಫೀಸಿನಲ್ಲಿ ನಾನು ಮಾಡುವ ಸುಕ್ಕು ಲಕ್ಷಾಂತರ ಕಾರಿಗೆ ಹೋಗುತ್ತದೆ. ಯಾರ ಬೆರಳು ಅದರ ಮೇಲೆ ಆಡುತ್ತದೆ ಎಂದು ನನಗೆ ತಿಳಿಯದು, ಅವರಿಗೂ ನಾನು ಬೇಕಿಲ್ಲ. ಇಲ್ಲಿ ಒಂದೇ ಕೈ. ಚುಕ್ಕಿ ಇಡುವಾಗ ಅಕ್ಕನ ಅಂಗೈ ಎಲ್ಲಿ ಬರುತ್ತದೆ, ಬುಡಕ್ಕೆ ಯಾವ ಮಾಂಸ ತಾಗುತ್ತದೆ ಎಂದು ಯೋಚಿಸುತ್ತಿದ್ದೆ. ಐದು ಸಂಜೆ ಹಾಗೆ ಕೂತಿದ್ದೇನೆ. ಅಷ್ಟು ಹೊತ್ತು ಅಕ್ಕನ ಕೈಯನ್ನು ಮನಸ್ಸಿನಲ್ಲಿ ಹಿಡಿದುಕೊಂಡವನಿಗೆ, ಆ ಕೈ ಈಗ ಹೇಗಿದೆ ಎಂದು ಕೇಳಬೇಕು ಎನ್ನಿಸಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮುಗಿದ ಮೇಲೆ ಬ್ರಷ್ಷಿನಿಂದ ಉಜ್ಜಿ ಮೊನೆಗಳನ್ನು ಮುರಿಯಬೇಕು. ಮೇಲಿನ ಭಾಗಕ್ಕೆ ಉಜ್ಜಿದೆ. ಕೆಳಭಾಗಕ್ಕೆ ಬೇಕೆಂದೇ ಕಡಿಮೆ ಉಜ್ಜಿದೆ. ನನ್ನ ಅಂಗೈಯಲ್ಲಿ ಒತ್ತಿ ಹಿಡಿದರೆ ಕಿರುಬೆರಳಿನ ಬುಡದಲ್ಲಿ ಚುರುಕ್ ಎನ್ನುತ್ತಿತ್ತು. ಇರಲಿ, ಇನ್ನು ಜಾರುವ ಮಾತೇ ಇಲ್ಲ ಎಂದುಕೊಂಡೆ.

ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಅವಳ ಮುಖ ನೋಡಬೇಕಿತ್ತು. ಮಾರ್ಚ್ ಕೊನೆಯ ಶನಿವಾರ ಒಬ್ಬನೇ ಹೊರಟೆ. ಹೆಂಡತಿ ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ ಎರಡು ಡಬ್ಬ ಕೊಟ್ಟು, "ನಿಮ್ಮಕ್ಕನ ಕೈ ನೋಡಿ ಬರ್ರಿ. ಪ್ಲಾಸ್ಟಿಕ್ಕೇ ನೋಡ್ಕೋತ ಕೂಡಬ್ಯಾಡ್ರಿ," ಎಂದಳು. ಆಯ್ತು ಎಂದೆ. ಮುನ್ನೂರು ಮೈಲಿ, ದಾರಿಯಲ್ಲಿ ಟೈಮ್ ಜೋನ್ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಬೇಗ ಮುಟ್ಟಿದ ಹಾಗೆ ಅನ್ನಿಸುತ್ತದೆ. ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆಯಲ್ಲಿದ್ದೆ.

ಹಿಡಿಯನ್ನು ಕೈಗೆ ಕೊಟ್ಟಾಗ ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಮೇಲಿನ ಚುಕ್ಕಿಗಳನ್ನು ಸವರಿದಳು.

"ಎಷ್ಟು ನೀಟಾಗಿದೆಯೋ. ಅಮ್ಮ ಬಾಗಿಲ ಮುಂದೆ ಇಡ್ತಿದ್ದ ಚುಕ್ಕಿ ಹಾಗೇ ಇದೆ."

ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾವ ಮೀಟಿಂಗಿನಲ್ಲೂ ಸಿಕ್ಕಿಲ್ಲ. ಊಟಕ್ಕೆ ಕೂತಾಗ ಉಪ್ಪಿನಕಾಯಿ ಬಾಟಲಿಯನ್ನು ನನ್ನ ಕಡೆ ತಳ್ಳಿ ಮುಚ್ಚಳ ತೆಗೆ ಎಂದಳು. ತೆಗೆದೆ. ಈ ಮುಚ್ಚಳದ ಅಂಚಿಗೆ ಗೆರೆಯೇ ಹಾಕಿಲ್ಲ, ಹೀಗಾದರೆ ಕೈ ಜಾರದೆ ಇನ್ನೇನು ಎಂದು ಬಾಟಲಿ ಮಾಡಿದವರನ್ನು ಬೈದೆ. ಅವಳು ಹೌದು ಎಂದಳು. ಸಾರು ಬಡಿಸುವಾಗ ಸೌಟು ಎಡಗೈಯಲ್ಲಿತ್ತು. ಅದನ್ನೂ ನೋಡಿದೆ. ನೋಡಿದೆ ಎಂದು ಈಗ ಹೇಳುತ್ತಿದ್ದೇನೆ, ಅವತ್ತು ಕಣ್ಣಿಗೆ ಬಿದ್ದಿತ್ತು ಅಷ್ಟೆ.

ಮರುದಿನ ಬೆಳಿಗ್ಗೆ ಅವಳ ಜೊತೆ ಗುರಿ ಹೊಡೆಯುವ ರೇಂಜಿಗೆ ಹೋದೆ. ಒಳಾಂಗಣ, ಸಾಲಾಗಿ ಗೂಡುಗಳು, ಪ್ರತಿ ಗೂಡಿಗೊಂದು ಕಟ್ಟೆ, ದೂರದಲ್ಲಿ ತೂಗುವ ಕಾಗದ. ಕಿವಿಗೆ ಕವಚ, ಕಣ್ಣಿಗೆ ಕನ್ನಡಕ ಹಾಕಿಸಿ ನನ್ನನ್ನು ಹಳದಿ ಗೆರೆಯ ಹಿಂದೆ ನಿಲ್ಲಿಸಿದರು. ಬಂದೂಕಿನ ಸದ್ದು ಕಿವಿಗಿಂತ ಎದೆಗೆ ಕೇಳುತ್ತದೆ ಎಂದು ಅವತ್ತು ಗೊತ್ತಾಯಿತು. ಅಕ್ಕ ಕಾಲು ಅಗಲಿಸಿ, ಭುಜ ಇಳಿಸಿ, ನಿಧಾನವಾಗಿ ಹತ್ತು ಗುಂಡು ಹೊಡೆದಳು. ಐವತ್ತೊಂಬತ್ತರ ಹೆಂಗಸು ಹಾಗೆ ನಿಂತಿದ್ದನ್ನು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಕಾಗದ ಹತ್ತಿರ ಬಂದಾಗ ತೂತುಗಳು ಒಂದು ಅಂಗೈಯಷ್ಟು ಜಾಗದಲ್ಲಿದ್ದವು. ಅವಳು ತಿರುಗಿ ನನ್ನ ಕಡೆ ನೋಡಿ ಹೆಬ್ಬೆರಳೆತ್ತಿದಳು. ಜಾರಲಿಲ್ಲ ಎಂದು ತುಟಿ ಅಲ್ಲಾಡಿಸಿದಳು.

ಇನ್ನೂ ಹತ್ತು ಹೊಡೆದಳು. ಮತ್ತೆ ಹತ್ತು. ಪ್ರತಿ ಸಲವೂ ನನ್ನ ಚುಕ್ಕಿಗಳು ಅವಳ ಕೈಯನ್ನು ಹಿಡಿದು ನಿಲ್ಲಿಸಿದವು. ಮೂರನೆಯ ಸುತ್ತು ಮುಗಿಸಿ ಪಿಸ್ತೂಲನ್ನು ಖಾಲಿಮಾಡಿ ಕಟ್ಟೆಯ ಮೇಲೆ ಇಟ್ಟಾಗ, ಕಟ್ಟೆಯ ಬೂದು ಹಾಸಿನ ಮೇಲೆ ಕೆಂಪಗೆ ಏನೋ ಅಂಟಿದ್ದು ಕಂಡಿತು. ಗೆರೆ ದಾಟಬಾರದು ಎನ್ನುವುದನ್ನು ಮರೆತು ಒಂದು ಹೆಜ್ಜೆ ಮುಂದೆ ಹೋದೆ. ಹಿಡಿಯ ಕೆಳಭಾಗ, ನಾನು ಬ್ರಷ್ ಕಡಿಮೆ ಉಜ್ಜಿದ ಜಾಗ, ಒದ್ದೆಯಾಗಿ ಹೊಳೆಯುತ್ತಿತ್ತು. ಅಕ್ಕ ಹೊಸ ಕಾಗದ ಸಿಕ್ಕಿಸುತ್ತಿದ್ದಳು. ಅವಳ ಬಲಗೈಯ ಹೊರ ಅಂಚಿನಿಂದ, ಕಿರುಬೆರಳಿನ ಬುಡದಿಂದ ಮಣಿಕಟ್ಟಿನ ತನಕ, ರಕ್ತ ಇಳಿದು ಷರಟಿನ ತೋಳಿಗೆ ತಾಗಿತ್ತು.

ನಾನು ಅವಳ ಭುಜ ಮುಟ್ಟಿದೆ. ಅವಳು ಒಂದು ಕಿವಿಯ ಕವಚ ಎತ್ತಿದಳು.

"ಅಕ್ಕ, ರಕ್ತ."

"ಎಲ್ಲಿ? ಯಾರಿಗೆ?"

"ನಿನ್ನ ಕೈ ಅಕ್ಕ. ಉರೀತಿಲ್ವಾ?"

ಅವಳು ಕೈ ತಿರುಗಿಸಿ ನೋಡಿಕೊಂಡಳು. ಅಲ್ಲಿ ಚರ್ಮ ಪೂರಾ ತರಚಿ ಹೋಗಿತ್ತು. ಮೂವತ್ತು ಸಲ ಒದ್ದ ಹಿಡಿ, ಮೂವತ್ತು ಸಲವೂ ಅದೇ ಜಾಗವನ್ನು ಉಜ್ಜಿತ್ತು. ನನ್ನ ಕೈಗೆ ಒಂದೇ ಒತ್ತಿಗೆ ಚುರುಕ್ ಎಂದದ್ದು ಅವಳಿಗೆ ತಿಳಿದೇ ಇರಲಿಲ್ಲ. ಅವಳು ಗಾಬರಿಯಾಗಲಿಲ್ಲ. ಪೇಷೆಂಟಿನ ಬಾಯೊಳಗೆ ನೋಡುವ ಹಾಗೆ, ಸ್ವಲ್ಪ ತಲೆ ಓರೆಮಾಡಿ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡುತ್ತಾ ನಿಂತಳು. ರೇಂಜಿನ ಹುಡುಗಿ ಔಷಧಿ ಡಬ್ಬ ತಂದುಕೊಟ್ಟಳು. ಅಕ್ಕ ತಾನೇ ಒರೆಸಿ, ಸ್ಪಿರಿಟ್ ಹಚ್ಚಿ, ಬಟ್ಟೆ ಸುತ್ತಿಕೊಂಡಳು. ಸ್ಪಿರಿಟ್ ಹಚ್ಚುವಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳೂ ನಾನು ನೋಡುತ್ತಿರುವುದನ್ನು ನೋಡಿದಳು.

ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿ ಹೊರಗೆ ಬಂದೆವು. ಕಾರಿನ ಕೀಲಿಯನ್ನು ಅವಳು ನನ್ನ ಕೈಗೆ ಕೊಟ್ಟಳು. ಅಕ್ಕ ತನ್ನ ಕಾರನ್ನು ಯಾರಿಗೂ ಡ್ರೈವ್ ಮಾಡಲು ಕೊಡುವವಳಲ್ಲ. ನಾನು ಸ್ಟಾರ್ಟ್ ಮಾಡಿ, ಹೀಟರ್ ಹಾಕಿ, ಗೇರ್ ಹಾಕದೆ ಕೂತೆ. ತಲೆಯ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಎರಡೆರಡು ನಿಮಿಷಕ್ಕೆ ಹೋಗುತ್ತಿದ್ದವು.

"ಎಷ್ಟು ದಿನದಿಂದ ಅಕ್ಕ?"

"ದೀಪಾವಳಿ ಹೊತ್ತಿಗೆ ಜುಮ್ ಅಂತಿತ್ತು. ಮೊಣಕೈ ಊರಿ ಕೂತ್ರೆ ಎಲ್ಲರಿಗೂ ಅನ್ನಲ್ವಾ, ಹಾಗೆ. ಆಮೇಲೆ ಜುಮ್ ಅನ್ನೋದೂ ನಿಂತೋಯ್ತು. ಸರಿಹೋಯ್ತು ಅಂದ್ಕೊಂಡೆ." ಎಡಗೈಯಿಂದ ಹೀಟರಿನ ಗಾಳಿ ಕಡಿಮೆ ಮಾಡಿದಳು. "ಸರಿಹೋಗಿಲ್ಲ ಅಂತ ಗೊತ್ತಿತ್ತು ಕಣೋ. ಡಾಕ್ಟರ್ ಅಲ್ವಾ ನಾನು."

"ಮತ್ತೆ ಕ್ಲಿನಿಕ್‌ನಲ್ಲಿ?"

"ಬೆರಳು ಹಲ್ಲಿನ ಮೇಲೆ ಕೂತಿದೆಯಾ ಅಂತ ಕಣ್ಣಲ್ಲಿ ನೋಡ್ಕೊಂಡು ಮಾಡ್ತಿದ್ದೆ. ಹೋದ ತಿಂಗಳು ಒಬ್ಬರು ವಯಸ್ಸಾದೋರು ಬಂದಿದ್ರು. ಡ್ರಿಲ್ ಕೆನ್ನೆಗೆ ತಾಗ್ತು. ಎರಡು ಹೊಲಿಗೆ ಹಾಕಿದೆ. ಪೇಷೆಂಟ್ ಅಲ್ಲಾಡಿದ್ರು ಅಂತ ಫೈಲ್‌ನಲ್ಲಿ ಬರೆದೆ." ಅವಳ ದನಿ ಬದಲಾಗಲಿಲ್ಲ. "ಅವರು ಅಲ್ಲಾಡಿರ್ಲಿಲ್ಲ. ಹೋಗುವಾಗ ನನಗೇ ಸಾರಿ ಹೇಳಿ ಹೋದ್ರು."

ಯಾರಿಗಾದರೂ ತೋರಿಸಿಕೊಳ್ಳಬಹುದಿತ್ತಲ್ಲ ಎಂದೇನೋ ಅಂದೆ. ನಾನು ಐದು ಸಂಜೆ ಕೂತು ಮಾಡಿದ್ದು ಅವಳಿಗೆ ಇನ್ನೂ ಕೆಲವು ತಿಂಗಳು ಇದನ್ನು ಮುಚ್ಚಿಟ್ಟುಕೊಳ್ಳುವ ಸಾಧನ. ಹಿಡಿ ಸ್ವಲ್ಪ ನಯವಾಗಿದ್ದಿದ್ದರೆ, ರಕ್ತ ಬರದೇ ಇದ್ದಿದ್ದರೆ, ಸೋಮವಾರ ಬೆಳಿಗ್ಗೆ ಅವಳು ಇನ್ನಾರದೋ ಬಾಯೊಳಗೆ ಕೈ ಹಾಕುತ್ತಿದ್ದಳು. ಪ್ಲಾಸ್ಟಿಕ್ಕಿನದೇ ತಪ್ಪು ಅಂತ ಗೊತ್ತಾಯ್ತಲ್ಲ, ಇನ್ನು ಗ್ಲವ್ಸ್ ಬದಲಾಯಿಸು ಎಂದು ನಾನೇ ಹೇಳಿ ಬರುತ್ತಿದ್ದೆ.

"ನಾಳೆ ಎಷ್ಟು ಜನ ಇದಾರೆ?"

"ಹನ್ನೊಂದು."

"ಅಕ್ಕ."

"ಗೊತ್ತು, ಸುಮ್ನಿರು," ಎಂದಳು. ಸುತ್ತಿದ್ದ ಬಟ್ಟೆಯನ್ನು ಬಿಗಿಮಾಡಿಕೊಂಡಳು. "ಸ್ಪರ್ಶ ಎಷ್ಟು ಹೋಗಿದೆ ಅಂತ ನಾನೇ ಟೆಸ್ಟ್ ಮಾಡ್ಕೊಳ್ಳೋಕೆ ನೋಡಿದೆ. ದಿನಾ ಸೋಫಾ ಮೇಲೆ ಕೂತು ನೋಡ್ತಿದ್ದೆ. ಆದ್ರೆ ಆಗಲ್ಲ ಕಣೋ. ಕಣ್ಣು ಮುಚ್ಕೊಂಡ್ರೂ ಯಾವ ಬೆರಳು ಮುಟ್ತಿದೀನಿ ಅಂತ ಮುಟ್ಟೋ ಕೈಗೆ ಗೊತ್ತಿರತ್ತಲ್ಲ. ಅದಕ್ಕೆ ಇನ್ನೊಬ್ಬರು ಬೇಕು."

ನನ್ನ ಕಡೆ ತಿರುಗಿ ಬಲಗೈಯನ್ನು ಅಂಗೈ ಮೇಲಾಗಿ ಗೇರಿನ ಪಕ್ಕ ಇಟ್ಟಳು.

"ಕಣ್ಣು ಮುಚ್ಕೋತೀನಿ. ಒಂದೊಂದೇ ಮುಟ್ಟು. ಯಾವುದು ಅಂತ ನಾನು ಹೇಳ್ತೀನಿ."

ಹೆಬ್ಬೆರಳಿನ ತುದಿ ಮುಟ್ಟಿದೆ. "ಹೆಬ್ಬೆರಳು," ಎಂದಳು ತಕ್ಷಣ. ನಡುಬೆರಳಿಗೆ ಹೋದೆ. "ನಡುಬೆರಳು. ಸಾಲಾಗಿ ಮುಟ್ತಿಲ್ಲ, ಸರಿಯಾಗಿ ಮಾಡ್ತಿದೀಯ." ತೋರುಬೆರಳು ಮುಟ್ಟಿದೆ, ಹೇಳಿದಳು. ಉಂಗುರದ ಬೆರಳಿಗೆ ಸ್ವಲ್ಪ ಹೊತ್ತು ತೆಗೆದುಕೊಂಡಳು. "ಉಂಗುರದ್ದು. ಒಂದು ಪಕ್ಕ ಮಾತ್ರ ಗೊತ್ತಾಗತ್ತೆ."

ಆಮೇಲೆ ಅವಳ ಕಿರುಬೆರಳನ್ನು ಹಿಡಿದೆ. ಮೊದಲು ಮೆಲ್ಲಗೆ. ಆಮೇಲೆ ಎರಡು ಬೆರಳಿನ ನಡುವೆ ಒತ್ತಿದೆ. ಆಮೇಲೆ ಉಗುರು ಊರಿದೆ, ಗುರುತು ಬೀಳುವಷ್ಟು. ಅಕ್ಕ ಕಣ್ಣು ಮುಚ್ಚಿ, ತಲೆಯನ್ನು ಸೀಟಿಗೆ ಒರಗಿಸಿ ಕಾಯುತ್ತಿದ್ದಳು.

"ಮುಟ್ಟೋ," ಎಂದಳು. "ಯಾಕೆ ನಿಲ್ಲಿಸಿದೆ?"